ಕೆಸರಕ್ಕನ ಜರಡಿಗೆ ಸಿಕ್ಕ ಹಲ್ಲು

ತೂಕಕ್ಕಿಟ್ಟರೆ ಕೆಸರಕ್ಕ ಅರ್ಧ ಮೂಟೆಯೂ ಬಾರಳು. ಬಾಯನ್ನೂ ಸೇರಿಸಿ ತೂಗಿದರೆ ತಕ್ಕಡಿಯೇ ಮುರಿದೀತು. ಐವತ್ತು ದಾಟಿದರೂ ಹುಳುಕು ಹಿಡಿಯದ ಮಾಲು.

ಕಡಲ ನಡುವೆ ಎಣ್ಣೆ ಬಾವಿ ಕೊರೆಯುವಾಗ ಮೇಲೆ ಬರುವ ಕಲ್ಲುಪುಡಿ, ಎಣ್ಣೆ ಮೆತ್ತಿದ ಕೆಸರು, ಎಲ್ಲ ಕಬ್ಬಿಣದ ಪೆಟ್ಟಿಗೆಗಳಲ್ಲಿ ದಡಕ್ಕೆ ಬರುತ್ತದೆ. ಅದನ್ನು ಜರಡಿ ಹಿಡಿದು, ದೊಡ್ಡ ಒಲೆಯಲ್ಲಿ ಕಾಯಿಸಿ, ಎಣ್ಣೆ ಬೇರೆ, ನೀರು ಬೇರೆ, ಒಣಪುಡಿ ಬೇರೆ ಮಾಡುವುದು ಅವಳ ಕೆಲಸ. ಕಡಲಲ್ಲಿ ಬಾವಿ ಕೊರೆಯುವ ರಿಗ್ಗಿನವರು ಬೀಳಿಸಿಕೊಂಡ ಕೈಗವಸು, ಚಮಚ ಸಿಕ್ಕರೆ ಗೋಡೆಗೆ ನೇತುಹಾಕುತ್ತಾಳೆ. ಮನೆಯಲ್ಲಿ ಅತ್ತೆ ಅವಳ ಬೂಟನ್ನು ಹೊಸ್ತಿಲು ದಾಟಗೊಡುವುದಿಲ್ಲ. ದರ್ಜಿ ಗಂಡ ಅವಳ ಬಟ್ಟೆಗೇ ಬೇರೆ ಬಕೆಟ್ಟು ಇಟ್ಟಿದ್ದಾನೆ.

ಆ ಒಣಪುಡಿಯನ್ನು ಕೊಂಡು ಮಾರುವುದು ಇದನ್ನು ಬರೆಯುತ್ತಿರುವ ವ್ಯಾಪಾರಿಯ ಕಸುಬು. ಅಂದು ರಸ್ತೆ ಕಂಟ್ರಾಕ್ಟರು ಮಾಲು ನೋಡಲು ಬರುವವನಿದ್ದ. ಅವನು ಕೈಬಿಟ್ಟರೆ ಪುಡಿಯ ಗುಡ್ಡೆಯ ಮೇಲೆ ಬೆಕ್ಕು ಮಲಗಬೇಕು, ಅಷ್ಟೇ. ತೆರೆದ ಪೆಟ್ಟಿಗೆಗೆ ಮುಖ ಬಗ್ಗಿಸಬಾರದು ಎಂಬುದು ಕೆಸರಕ್ಕನ ಕಟ್ಟಪ್ಪಣೆ. ವ್ಯಾಪಾರಿ ಬಗ್ಗಿದ. ವಾಸನೆ ಮೂಗಿಗೆ ಹೊಡೆದು ಸೀನಿದ. ಮೇಲ್ಸಾಲಿನ ಕಟ್ಟಿಸಿದ ಹಲ್ಲು ಪೂರ್ತಿ ಕಳಚಿ ಕೆಸರಿಗೆ ಬಿತ್ತು.

"ಹೋಯ್ತಾ ಸಾಹುಕಾರ್ರೇ? ನಿಮ್ಮ ಚೌಕಾಸಿ ಕೇಳಿ ಕೇಳಿ ಸಾಕಾಗಿ, ಅವೇ ಹಾರ್ಕೊಂಡಿರ್ಬೇಕು!" ಎಂದಳು ಕೆಸರಕ್ಕ.

ಬೈಯಲು ಬಾಯಿ ತೆರೆದರೆ ಬಂದದ್ದು ಬರೀ ಗಾಳಿ. ಅಷ್ಟರಲ್ಲಿ ಕಂಟ್ರಾಕ್ಟರನ ಕಾರು ಬಂತು. ವ್ಯಾಪಾರಿ ಕರವಸ್ತ್ರ ಬಾಯಿಗೊತ್ತಿದ. ಕೆಸರಕ್ಕ ಕೈ ಒರೆಸಿಕೊಂಡು ಮುಂದೆ ಬಂದಳು.

"ಇವ್ರಿಗೆ ಹಲ್ಲಿನ ತೊಂದ್ರೆ ಸ್ವಾಮಿ, ನಾನೇ ಹೇಳ್ತೀನಿ. ಈ ಪುಡಿ ರಸ್ತೆ ಅಡಿಗೆ ಆಗತ್ತೆ. ಗಿಡಗಳಿಗೆ ಮಾತ್ರ ಹಾಕ್ಬೇಡಿ, ಉಪ್ಪಿದೆ. ಆ ಮೂಲೆ ಗುಡ್ಡೆ ಸರಿಯಾಗಿ ಬೆಂದಿಲ್ಲ, ಇನ್ನೊಂದ್ಸಲ ಒಲೆಗೆ ಹೋಗ್ಬೇಕು. ಅದನ್ನ ಮುಟ್ಲೇಬೇಡಿ."

ಮಾಲಿನ ಹೊಗಳಿಕೆ ಹೊಸೆದುಕೊಂಡು ಬಂದಿದ್ದ ವ್ಯಾಪಾರಿ ಸಾಕು ನಿಲ್ಲಿಸೆಂದು ಕಣ್ಣಲ್ಲೇ ಬೇಡಿಕೊಂಡ. ಅವಳು ನೋಡಲೇ ಇಲ್ಲ.

ಕಂಟ್ರಾಕ್ಟರು ನಕ್ಕುಬಿಟ್ಟ. "ತನ್ನ ಮಾಲಿನ ಕೊರತೆ ತಾನೇ ಹೇಳೋ ಜಾಗ ಇದೇ ಮೊದ್ಲು ನೋಡ್ತಿರೋದು. ಒಣಗಿರೋದಷ್ಟೂ ನನಗೆ. ಮುಂದಿನ ಸಲಾನೂ ಈ ಅಕ್ಕನೇ ಮಾತಾಡ್ಲಿ."

ಕಾರು ಹೋದಮೇಲೆ ಜರಡಿಗೆ ಹಲ್ಲು ಸಿಕ್ಕಿತು. ಕೆಸರಕ್ಕ ಅದನ್ನು ಸೋಪಿನ ನೀರಲ್ಲಿ ಉಜ್ಜಿ ವ್ಯಾಪಾರಿಯ ಕೈಗಿಟ್ಟಳು.

"ಹಾಗೇ ಬಾಯಿಗೆ ಇಟ್ಕೋಬೇಡಿ, ಹಲ್ಲಿನ ಡಾಕ್ಟ್ರಿಗೆ ತೋರ್ಸಿ. ಗೋಡೆಗೆ ನೇತುಹಾಕ್ತಿದ್ದೆ, ಪಾಪ, ಚಮಚಗಳು ಹೆದರ್ಕೋತಾವೆ ಅಂತ ಬಿಟ್ಟೆ."

ಕಂಟ್ರಾಕ್ಟರು ಇಂದಿಗೂ ಬೇರೆ ಕಡೆ ಮಾಲು ಕೊಂಡಿಲ್ಲ. ಹಲ್ಲನ್ನು ಯಾವ ಡಾಕ್ಟರಾದರೂ ಕಟ್ಟಿಕೊಟ್ಟಾನು. ಆ ಗಿರಾಕಿಯನ್ನು ಈ ವ್ಯಾಪಾರಿಗೆ ಕೊಟ್ಟವಳು ಕೆಸರಕ್ಕ.