ಅಂಗೈಯಲ್ಲಿ ಎರಡು ಲಿಂಗ

ಜತ್ತದ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಹೊಸತು. ವಳಸಂಗದ ನಮ್ಮ ಮನೆಯಲ್ಲಿ ಮಾವನವರು ದಿನಾ ಸಂಜೆ ಶಾಸ್ತ್ರದ ಪೋಥಿ ಬಿಚ್ಚಿಕೊಂಡು ಓದುತ್ತಿದ್ದರು. ಅವರ ಓದಿನಲ್ಲಿ ಯಾವುದೂ ಇದ್ದಂತೆ ಇರುತ್ತಿರಲಿಲ್ಲ. ಬೆಟ್ಟ ಬಂದರೆ ಅದು ಬೆನ್ನೆಲುಬು, ಹೊಳೆ ಬಂದರೆ ಉಸಿರು, ಊರು ಬಂದರೆ ಈ ದೇಹ. ಒಳಗೆ ರೊಟ್ಟಿ ಬಡಿಯುತ್ತಿದ್ದ ನಾನು, ಸದ್ಯ ಹಿಟ್ಟನ್ನಾದರೂ ಹಿಟ್ಟು ಅಂತ ಬಿಟ್ಟಿದ್ದಾರಲ್ಲ ಅಂದುಕೊಳ್ಳುತ್ತಿದ್ದೆ.

ಚೊಚ್ಚಲ ಬಸುರಿಗೆ ಎಂಟು ತಿಂಗಳಾದಾಗ ಮಠದ ಅಯ್ಯನವರು ಬಂದು, ಹೊಟ್ಟೆಯಲ್ಲಿದ್ದ ಕೂಸಿನ ಸಲುವಾಗಿ ಒಂದು ಸಣ್ಣ ಲಿಂಗವನ್ನು ನನಗೇ ಕಟ್ಟಿಹೋದರು. ನಮ್ಮಲ್ಲಿ ಅದು ಪದ್ಧತಿ. ಹೆರಿಗೆಯಾದ ಮೇಲೆ ಅದನ್ನು ಬಿಚ್ಚಿ ಕೂಸಿಗೆ ಕಟ್ಟಬೇಕು.

ಗಂಡು ಕೂಸು ಹುಟ್ಟಿತು. ಅಯ್ಯನವರು ಬರುವ ಮೊದಲೇ ಜ್ವರ ಬಂದು ಕೂಸು ತೀರಿಹೋಯಿತು. ಹೊತ್ತು ಮುಳುಗುವುದರೊಳಗೆ ಗಂಡಸರು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು. ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ, ನನಗಂತೂ ಎಚ್ಚರವೇ ಇರಲಿಲ್ಲ. ಮರುದಿನ ಮೈಗೆ ನೀರು ಹಾಕಿಕೊಳ್ಳುವಾಗ ಎದೆಯ ಮೇಲೆ ಕೈ ಹೋಯಿತು. ನನ್ನದು, ಕೂಸಿನದು, ಎರಡೂ ಲಿಂಗ ಅಲ್ಲೇ ಇದ್ದವು.

ಲಿಂಗವಿಲ್ಲದೆ ಮಣ್ಣಿಗೆ ಹೋದ ಜೀವ ಶಿವನನ್ನು ಸೇರುವುದಿಲ್ಲ ಎಂದು ಬುದ್ಧಿ ಬಂದಾಗಿನಿಂದ ಕೇಳಿದವಳು ನಾನು. ಹಾಗಾದರೆ ನನ್ನ ಕೂಸು ಎಲ್ಲಿ? "ಇನ್ನೊಂದು ಆಗತೈತಿ ಬಿಡು" ಅಂದರು ಅತ್ತೆ. ಅವರ ಮುಖ ನೋಡಲೂ ಮನಸ್ಸಾಗಲಿಲ್ಲ. ಮಾವನವರ ಮುಂದೆ ಎಂದೂ ಬಾಯಿ ತೆರೆಯದವಳು ಬಾಗಿಲ ಮರೆಯಲ್ಲಿ ನಿಂತು ಕೇಳಿಯೇಬಿಟ್ಟೆ.

"ಮಾವಾರ, ನಮ್ಮ ಕೂಸು ಎಲ್ಲಿಗೆ ಹೋತ್ರಿ? ಪೋಥ್ಯಾಗ ಏನ್ ಬರದೈತಿ?"

ಅವರು ಬಹಳ ಹೊತ್ತು ಹಾಳೆ ತಿರುವಿದರು.

"ಲಿಂಗ ಅಂದ್ರ ಕಲ್ಲಲ್ಲ ತಂಗಿ. ನಾ ಬ್ಯಾರೆ, ಅದು ಬ್ಯಾರೆ ಅನ್ನೂದು ಎಲ್ಲಿ ಕರಗತೈತಿ, ಅದೇ ಲಿಂಗ. ಎರಡೂ ಅಂಗೈಯಾಗ ಇಟಗೊಂಡು ಕುಂದ್ರು. ನಿಂದ್ಯಾವ್ದು, ಕೂಸಿಂದ್ಯಾವ್ದು ಅನ್ನೂದು ಮರೀತಿ. ಅವತ್ತ ನಿನಗ ಶಾಂತಿ."

ಕೂತೆ. ಜೋಳ ತೆನೆಗಟ್ಟುವವರೆಗೂ ದಿನಾ ಬೆಳಿಗ್ಗೆ ಎರಡನ್ನೂ ಎಡಗೈಯಲ್ಲಿಟ್ಟುಕೊಂಡು ಕಣ್ಣು ನೆಟ್ಟು ಕೂತೆ. ಮೊದಮೊದಲು ಬರೀ ಅಳು. ಆಮೇಲೆ ಮಾವನವರ ಮೇಲೆ, ಅವರ ಪೋಥಿಯ ಮೇಲೆ, ಕೊನೆಗೆ ಶಿವನ ಮೇಲೂ ಸಿಟ್ಟು. ಒಂದು ದಿನ ಮಾತ್ರ ಅದು ಆಯಿತು. ಯಾವುದು ದೊಡ್ಡದು, ಯಾವುದು ಸಣ್ಣದು ತಿಳಿಯಲಿಲ್ಲ. ಕೈ ಎಲ್ಲಿ ಮುಗಿದು ಲಿಂಗ ಎಲ್ಲಿ ಶುರುವಾಗುತ್ತದೆ ಎನ್ನುವುದೂ ತಿಳಿಯಲಿಲ್ಲ. ಎದೆಯ ಭಾರ ಇಳಿದು ಹೋಯಿತು. ಅಷ್ಟು ಹಗುರ ನಾನು ಎಂದೂ ಆಗಿರಲಿಲ್ಲ. ಹೊರಗೆ ಯಾರೋ ಕುರಿ ಹೊಡೆದುಕೊಂಡು ಹೋದ ಸದ್ದಿಗೆ ಬೆಚ್ಚಿ ಎದ್ದೆ.

ಮಾವನವರಿಗೆ ಹೇಳಿದೆ. ಅವರ ಕಣ್ಣಲ್ಲಿ ನೀರು ಬಂತು.

"ಭಾಳ ಚಲೋ ಆತವ್ವಾ. ನಾ ಇಷ್ಟು ವರ್ಷ ಓದಿದ್ರೂ ನನಗ ಅದು ಆಗಿಲ್ಲ."

"ಆದ್ರ ಮಾವಾರ, ಅಲ್ಲಿ ಕೂಸು ಇರಲಿಲ್ರಿ."

ಅವರು ಪೋಥಿಗೆ ಬಟ್ಟೆ ಸುತ್ತಿ ಕಟ್ಟಿಟ್ಟರು.

ಆ ಶಾಂತಿಯಲ್ಲಿ ನನ್ನ ದುಃಖ ಇರಲಿಲ್ಲ, ನಿಜ. ದುಃಖ ಬಿಟ್ಟರೆ ಮಗನದು ಅಂತ ನನ್ನ ಹತ್ತಿರ ಬೇರೆ ಏನಿತ್ತು? ಮರುದಿನ ಬೆಳಿಗ್ಗೆ ಸಣ್ಣ ಲಿಂಗಕ್ಕೆ ಕೆಂಪು ದಾರ ಕಟ್ಟಿದೆ, ಮತ್ತೆಂದೂ ಗುರುತು ತಪ್ಪದ ಹಾಗೆ.