ಹದಿನಾಲ್ಕು ಸಿದ್ಧಲಿಂಗಪ್ಪಂದಿರಿಗೆ ಒಬ್ಬಳೇ ಗಂಗಮ್ಮ

ಕೊನೆಗೆ ನೊಣವಿನಕೆರೆ ಸಿದ್ಧಲಿಂಗಪ್ಪನ ಫೋನೂ ಬಂತು ನೋಡ್ರಪ್ಪ.

"ಲೇ, ಸಂಘದ ವೆಬ್‌ಸೈಟಲ್ಲಿ ನನ್ನ ಹೆಂಡ್ತಿ ಹೆಸ್ರು ಗಂಗಮ್ಮ ಅಂತ ಬಂದೈತೆ. ಇವ್ಳು ತವರಿಗೆ ಹೋಯ್ತೀನಿ ಅಂತ ಬಟ್ಟೆ ತುಂಬ್ತಾವ್ಳೆ ಕಣ್ಲಾ! ಯಾವಳ್ಲಾ ಆ ಗಂಗಮ್ಮ?"

"ನನ್ನ ಹೆಂಡ್ತಿ ಕಣ್ಲಾ," ಅಂದೆ.

ತಪ್ಪು ನನ್ನದೇ. ಬೆಳಿಗ್ಗೆ ತೆಂಗು ಬೆಳೆಗಾರರ ಸಂಘಕ್ಕೆ ಹೋಗಿ, ವೆಬ್‌ಸೈಟಿನಲ್ಲಿ ತಪ್ಪಾಗಿದ್ದ ನನ್ನ ಊರು, ಫೋನು, ಹೆಂಡತಿ ಹೆಸರು ಸರಿಮಾಡಲು ಹೇಳಿದ್ದೆ.

ವೆಬ್‌ಸೈಟ್ ಮಾಡಿದ ರೂಪಾ, "ಮೂರು ಕಾಲಮ್ಮೂ ಒಂದೇ ಅಪ್ಡೇಟಲ್ಲಿ ಹಾಕ್ತೀನಿ ಅಣ್ಣ, ನಿಮ್ಮ ಸದಸ್ಯ ನಂಬರ್ ಹೇಳಿ," ಅಂದಳು.

"ನಂಬರ್ ಯಾಕವ್ವ? ಸಿದ್ಧಲಿಂಗಪ್ಪ ಅಂತ ಹೊಡಿ. ಇಡೀ ತಾಲ್ಲೂಕಿಗೇ ಗೊತ್ತು."

ಹೊಡೆದಳು. ಸಂಘದ ಹದಿನಾಲ್ಕು ಸಿದ್ಧಲಿಂಗಪ್ಪಂದಿರೂ ಒಂದೇ ಏಟಿಗೆ ನಮ್ಮೂರು ಹೊನ್ನವಳ್ಳಿಯವರಾದರು. ಎಲ್ಲರಿಗೂ ನನ್ನ ಫೋನು, ಎಲ್ಲರಿಗೂ ನನ್ನ ಗಂಗಮ್ಮ!

ನೊಣವಿನಕೆರೆಯವನ ಕೈಲಿ ಅವನ ಹೆಂಡತಿಗೆ ಫೋನ್ ಕೊಡಿಸಿ ಎಲ್ಲ ಬಿಡಿಸಿ ಹೇಳಿದೆ. "ಅಕ್ಕಾ, ಗಂಗಮ್ಮನ ಕೈಲಿ ನಾನೇ ಏಗಕ್ಕಾಗ್ದೆ ಕುಂತಿವ್ನಿ. ನಿಮ್ಮ ಯಜಮಾನ್ರು ಒಂದಿನಾನೂ ತಡ್ಕೊಳಲ್ಲ ಬುಡಿ." ಆಯಮ್ಮ ನಕ್ಕು ಬ್ಯಾಗು ಕೆಳಗಿಟ್ಟಳಂತೆ. ನಿನ್ನೆಯ ಸದಸ್ಯರ ಪಟ್ಟಿಯ ನಕಲು ಇನ್ನೊಂದು ಕಡೆ ಹಾಗೇ ಇದೆ, ಸಂಜೆಯೊಳಗೆ ಎಲ್ಲರ ಹೆಂಡತಿಯರನ್ನೂ ಅವರವರಿಗೇ ವಾಪಸ್ ಕೊಡುತ್ತೇನೆ ಎಂದಿದ್ದಾಳೆ ರೂಪಾ.

ಇಷ್ಟೂ ಕೇಳಿಸಿಕೊಂಡ ಗಂಗಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಾಳೆ: "ರೀ, ಮುದ್ದೆ ಆರೋಯ್ತೈತೆ ಬನ್ನಿ! ನೀವೊಬ್ರೇನೋ, ಮಿಕ್ಕ ಹದಿಮೂರು ಗಂಡಂದ್ರೂ ಬತ್ತಾರೋ?"

ಬರ್ತೀನಿ ಸ್ನೇಹಿತರೇ. ತಡ ಮಾಡಿದರೆ ನನ್ನ ಮುದ್ದೆಯನ್ನೂ ನೊಣವಿನಕೆರೆಯವನ ಹೆಸರಿಗೆ ಅಪ್ಡೇಟ್ ಮಾಡಿಬಿಟ್ಟಾಳು.