ತೊಟ್ಟಿಲಿಲ್ಲದ ಬಾಣಂತನ

ಕೋವಿಡ್ ಬರುವುದಕ್ಕೆ ಹಿಂದಿನ ಚಳಿಗಾಲ. ನಾನಾಗ ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರಲ್ಲಿ ಪ್ರಸೂತಿ ವಿಭಾಗದ ಕನ್ಸಲ್ಟೆಂಟ್ ವೈದ್ಯೆ. ಮಗು ಹೊಟ್ಟೆಯಲ್ಲೇ ತೀರಿಕೊಂಡ ತಾಯಂದಿರನ್ನು ಕೆಲವು ವಾರಗಳ ಬಳಿಕ ಕರೆಸಿ, ಪರೀಕ್ಷೆಯಲ್ಲಿ ಕಂಡದ್ದನ್ನು ತಿಳಿಸುವ ಕ್ಲಿನಿಕ್ ನನ್ನ ಪಾಲಿಗೆ ಬಂದಿತ್ತು.

ಆ ದಿನ ಬಂದವಳು ಶ್ವೇತಾ, ಹತ್ತಿರದ ಬರ್ಚ್‌ವುಡ್‌ನಲ್ಲಿ ಎಂಜಿನಿಯರ್. ಏಳು ತಿಂಗಳಿಗೇ ಮಗು ಹೋಗಿತ್ತು. ಹಾಗೆ ಹೋದದ್ದು ಅದು ಎರಡನೆಯದು. ಜೊತೆಗೆ ಗಂಡ, ಮತ್ತು ತಾಯಿ ಸುಮತಿಯಮ್ಮ. ಬಾಣಂತನಕ್ಕೆಂದು ಮಾಡಿಸಿಟ್ಟಿದ್ದ ವೀಸಾದಲ್ಲಿ, ಸುದ್ದಿ ಕೇಳಿದ ಕೂಡಲೇ ಉಡುಪಿಯಿಂದ ಹೊರಟುಬಂದಿದ್ದರು.

ನಾನು ನಿಧಾನವಾಗಿ ವಿವರಿಸಿದೆ. ಅರ್ಧ ತಂದೆಯದಾದ ಮಗುವನ್ನು ತಾಯಿಯ ಇಮ್ಯೂನ್ ಸೆಲ್ಸ್, ಅಂದರೆ ಮೈಕಾಯುವ ಜೀವಕಣಗಳು, ಹೊರಗಿನದೆಂದು ದೂಡುವುದಿಲ್ಲ. ಗರ್ಭಕೋಶದ ಒಳಪದರದಲ್ಲಿ ನೆಲೆಸಿ, ರಕ್ತನಾಳಗಳು ಅಗಲವಾಗಲು ನೆರವಾಗಿ, ಮಗುವಿಗೆ ದಾರಿ ಮಾಡಿಕೊಡುತ್ತವೆ. ಶ್ವೇತಾಳ ಮಾಸಿನಲ್ಲಿ, ಎಂದರೆ ಪ್ಲಾಸೆಂಟಾದಲ್ಲಿ, ಕಂಡದ್ದು ಬೇರೆ: ಮ್ಯಾಕ್ರೊಫೇಜ್ ಎಂಬ, ತಾಯಿಯ ಮೈಕಾಯುವ ಕಣಗಳೇ ರಕ್ತ ಹರಿಯಬೇಕಾದ ಎಡೆಯಲ್ಲೆಲ್ಲ ಕಿಕ್ಕಿರಿದು, ಮಗುವಿಗೆ ಬೇಕಾದಷ್ಟು ಪೋಷಣೆ ತಲುಪದಂತೆ ಮಾಡಿದ್ದವು. ಅಪರೂಪದ ತೊಂದರೆ. ಏಕೆಂದು ಇನ್ನೂ ಸರಿಯಾಗಿ ತಿಳಿದಿಲ್ಲ. ಮರುಕಳಿಸಬಹುದು, ಮುಂದಿನ ಸಲ ಔಷಧ ಕೊಟ್ಟು ನೋಡಬಹುದು, ಭರವಸೆ ಕೊಡಲಾಗದು.

“ಅಂದ್ರೆ ನನ್ನ ಮೈಯೇ ಮಗೂನ ತಿಂತು, ಅಲ್ವಾ ಮೇಡಂ?”

“ಇಲ್ಲಮ್ಮ. ನೀನು ಮಾಡಿದ್ದರಿಂದ, ಬಿಟ್ಟದ್ದರಿಂದ ಆದದ್ದಲ್ಲ ಇದು.”

ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ. ಸುಮತಿಯಮ್ಮ ಬಾಯಿ ತೆರೆದರು. “ಬಂದ ದಿನದಿಂದ ಇದೇ ಹಠ ಡಾಕ್ಟ್ರೆ. ಒಂದು ಚೆಂಬು ಬಿಸಿನೀರು ಹಾಕ್ಲಿಕ್ಕೆ ಬಿಡುದಿಲ್ಲ. ಮುಂದಿನ ವಾರ ನಾನು ಹೊರಡ್ಬೇಕು.”

“ಯಾವ ಮಗು ಉಂಟು ಅಂತ ಬಾಣಂತನ ಅಮ್ಮ?”

“ಹೆತ್ತದ್ದು ಸುಳ್ಳಾ? ಹಾಲು ಬಂದದ್ದು ಸುಳ್ಳಾ? ಹಸಿ ಮೈ ಮಾರಾಯ್ತಿ ಅದು. ನೀನು ಅದಕ್ಕೆ ಬೈತಾ ಇರು, ನಾನು ಎಣ್ಣೆ ಹಚ್ತೇನೆ.”

ಶ್ವೇತಾ ನೆಲ ನೋಡುತ್ತ ಅಂದಳು: “ಬಾತ್‌ರೂಮಲ್ಲಿ ಕಾರ್ಪೆಟ್ ಉಂಟು. ಎಣ್ಣೆ ಬಿದ್ರೆ ಲ್ಯಾಂಡ್‌ಲಾರ್ಡ್ ಬಿಡುದಿಲ್ಲ.”

“ಬರ್ಲಿ, ಅವನಿಗೂ ಹಚ್ತೇನೆ.”

ಶ್ವೇತಾ ನಕ್ಕಳು. ಆ ನಗುವೇ ಅಳುವಾಗಿ ಒಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅತ್ತದ್ದು ಇದೇ ಮೊದಲು ಎಂದ ಗಂಡ, ತಾನೂ ಕಣ್ಣೊರೆಸಿಕೊಂಡ.

ಮುಂದೆ ಅವರು ಮತ್ತೊಂದು ಬಸಿರಿಗೆ ಮನಸ್ಸು ಮಾಡಲಿಲ್ಲ. ಫೋನಿನಲ್ಲಿ ಶ್ವೇತಾ ಅದನ್ನು ಹೇಳಿ, “ಅಮ್ಮ ಊರಿಗೆ ಹೋಗೋ ತನಕ ದಿನಾ ನೀರು ಹಾಕಿದ್ರು ಮೇಡಂ” ಎಂದು ಸೇರಿಸಿದಳು.

ಆಮೇಲೆ ನಿವೃತ್ತಿಯವರೆಗೂ ಆ ಕ್ಲಿನಿಕ್ಕಿಗೆ ಬಂದ ಯಾವ ಹೆಂಗಸಿಗೂ, ಇಂಗ್ಲಿಷರವಳಿರಲಿ ನಮ್ಮವಳಿರಲಿ, ಕಾರಣ ಹೇಳುವ ಮೊದಲು ಒಂದು ಮಾತು ಕೇಳುತ್ತಿದ್ದೆ: ಮನೆಯಲ್ಲಿ ನಿನ್ನ ಮೈ ನೋಡಿಕೊಳ್ಳುವವರು ಯಾರಮ್ಮ?

ಯಾರೂ ಇಲ್ಲ ಎಂದವರೇ ಹೆಚ್ಚು.